ಹದಿನೇಳು ವಾರಗಳ ಲೆಕ್ಕವನ್ನು ಕೇಳುವವರು ಯಾರು?

ರಮಝಾನ್ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನ ಶಿವಾಜಿನಗರಕ್ಕೂ ಫ್ರೇಝರ್ ಟೌನ್‌ನ ಮಾಸ್ಕ್ ರಸ್ತೆಗೂ ಧರ್ಮಭೇದವಿಲ್ಲದೆ ಜನರು ಬರುತ್ತಾರೆ. ಹಲೀಮು, ಸಮೋಸ, ಕಬಾಬುಗಳ ಮುಂದೆ ಸಾಲುಗಟ್ಟುತ್ತಾರೆ. ದಂಡು ಪ್ರದೇಶಕ್ಕೆ ಇದು ಹೊಸ ಸಂಗತಿಯೇನಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ಬೀಡುಬಿಟ್ಟಂದಿನಿಂದ ಈ ಭಾಗದ ಬದುಕು ನಿಂತಿರುವುದೇ ಇನ್ನೊಬ್ಬರಿಗೆ ಉಣಬಡಿಸುವ, ತಂಗಲು ವ್ಯವಸ್ಥೆ ಮಾಡುವ, ಸಾಮಾನು ಒದಗಿಸುವ ಕಾಯಕದ ಮೇಲೆ. 1887ರಿಂದ ನಡೆದುಬಂದಿರುವ ವೆಸ್ಟ್ ಎಂಡ್ ಹೋಟೆಲಿನಿಂದ ಹಿಡಿದು ಹಲಸೂರು ಕೆರೆಯ ಬಳಿ ಇತ್ತೀಚೆಗೆ ಎದ್ದು ನಿಂತ ಗಾಜಿನ ಕಟ್ಟಡದವರೆಗೆ ಬೆಂಗಳೂರಿನ ಆತಿಥ್ಯೋದ್ಯಮದ ಬಹುಪಾಲು ಈ ಆಸುಪಾಸಿನಲ್ಲೇ ಬೆಳೆದಿದೆ. 1927ರಲ್ಲಿ ತಲೆಯೆತ್ತಿದ ರಸೆಲ್ ಮಾರುಕಟ್ಟೆಯ ಮಾಂಸ, ಹಣ್ಣು, ತರಕಾರಿಗಳು ಎಷ್ಟೋ ಅಡುಗೆಮನೆಗಳನ್ನು ತಲುಪಿವೆ. ಆದರೆ ಆ ಅಡುಗೆಮನೆಗಳ ಒಳಗೆ ಅಧಿಕಾರದ ಟೋಪಿ ಧರಿಸಿ ನಿಂತವರಲ್ಲಿ, ಆ ಹೋಟೆಲುಗಳ ಕೌಂಟರಿನ ಹಿಂದೆ ಅತಿಥಿಗಳನ್ನು ಎದುರುಗೊಳ್ಳುವವರಲ್ಲಿ ನಮ್ಮ ಮಕ್ಕಳು ಎಷ್ಟು ಮಂದಿ ಇದ್ದಾರೆ?

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಸಣ್ಣಮಟ್ಟದಲ್ಲಾದರೂ ಉತ್ತರ ಸಿಗತೊಡಗಿದೆ. ಪಿಯುಸಿ ಮುಗಿಸಿದ ಮುಸ್ಲಿಮ್ ಯುವಕ-ಯುವತಿಯರು ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಪ್ರವಾಸೋದ್ಯಮದ ಪದವಿ, ಡಿಪ್ಲೊಮಾಗಳತ್ತ ಮುಖಮಾಡುತ್ತಿದ್ದಾರೆ. ಇದು ಸ್ವಾಗತಾರ್ಹ. ಆದರೆ ಈ ಕೋರ್ಸುಗಳ ಮಧ್ಯದಲ್ಲಿ ಬರುವ ಒಂದು ಘಟ್ಟದ ಬಗ್ಗೆ ನಮ್ಮ ಮನೆಗಳಲ್ಲಾಗಲಿ, ಜಮಾಅತ್‌ಗಳಲ್ಲಾಗಲಿ ಯಾವ ಚರ್ಚೆಯೂ ನಡೆಯುತ್ತಿಲ್ಲ. ಅದು ವಿದ್ಯಾರ್ಥಿಗಳನ್ನು ಹೋಟೆಲುಗಳಿಗೆ ಕಳುಹಿಸುವ ಪ್ರಾಯೋಗಿಕ ತರಬೇತಿ. ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಪದವಿ ಶಿಕ್ಷಣದಲ್ಲಿ ಇದು ವರ್ಷಾನುವರ್ಷ 17 ವಾರಗಳೆಂದೇ ನಡೆದುಬಂದಿದೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿರುವ ಸಂಸ್ಥೆಯೂ ಇದೇ ಮಂಡಳಿಗೆ ಸೇರಿದ್ದು. ಅಡುಗೆಮನೆ, ಊಟೋಪಚಾರ, ಕೊಠಡಿಗಳ ನಿರ್ವಹಣೆ, ಸ್ವಾಗತ ಕಚೇರಿ ಎಂಬ ನಾಲ್ಕು ವಿಭಾಗಗಳಲ್ಲೂ ವಿದ್ಯಾರ್ಥಿ ಸರದಿಯಂತೆ ದುಡಿದು ಕಲಿಯಬೇಕು, ಪ್ರತಿದಿನ ಲಾಗ್‌ಬುಕ್ ಬರೆಯಬೇಕು, ವಿಭಾಗದ ಮುಖ್ಯಸ್ಥರಿಂದ ಮೌಲ್ಯಮಾಪನ ಪಡೆಯಬೇಕು. ಖಾಸಗಿ ಕಾಲೇಜುಗಳಲ್ಲಿ ಈ ಅವಧಿ ಆರು ತಿಂಗಳವರೆಗೂ ಹೋಗುವುದಿದೆ.

ಕಾಗದದ ಮೇಲೆ ಇದೊಂದು ಅತ್ಯುತ್ತಮ ವ್ಯವಸ್ಥೆ. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಈಜು ಕಲಿಸಲಾಗದಂತೆಯೇ ಆತಿಥ್ಯವನ್ನೂ ಕಲಿಸಲಾಗದು. ಆದರೆ ಆ 17 ವಾರಗಳಲ್ಲಿ ನಡೆಯುವುದೇನೆಂದು ತರಬೇತಿ ಮುಗಿಸಿ ಬಂದ ಮಕ್ಕಳನ್ನು ಕೂರಿಸಿ ಕೇಳಿ ನೋಡಿ. ಒಂದೇ ವಿಭಾಗದಲ್ಲಿ ಮೂರು ತಿಂಗಳು ಕಳೆದವರಿದ್ದಾರೆ. ಈರುಳ್ಳಿ ಸುಲಿಯುವುದರಲ್ಲಿ, ಬ್ಯಾಂಕ್ವೆಟ್ ಹಾಲಿನ ಕುರ್ಚಿಗಳನ್ನು ಹೊತ್ತು ಹಾಕುವುದರಲ್ಲಿ, ಚಮಚ-ಲೋಟಗಳನ್ನು ಒರೆಸುವುದರಲ್ಲಿ ಇಡೀ ಅವಧಿ ಮುಗಿಸಿದವರಿದ್ದಾರೆ. ಬೆಳಗ್ಗೆ ನಾಲ್ಕು ಗಂಟೆ, ಸಂಜೆ ಐದಾರು ಗಂಟೆ ದುಡಿಸಿ ಮಧ್ಯಾಹ್ನ ಬಿಡುವು ಕೊಡುವ ಬ್ರೇಕ್ ಶಿಫ್ಟ್‌ನಿಂದಾಗಿ ಮನೆಗೂ ಹೋಗಲಾರದೆ, ಹೋಟೆಲಿನಲ್ಲೂ ಇರಲಾರದೆ ದಿನದ ಹದಿನಾಲ್ಕು ಗಂಟೆಗಳನ್ನು ಕಳೆದುಕೊಂಡವರಿದ್ದಾರೆ. ಲಾಗ್‌ಬುಕ್ಕಿಗೆ ಕೊನೆಯ ದಿನ ಒಟ್ಟಿಗೇ ಸಹಿ ಬೀಳುತ್ತದೆ. ಕಾಲೇಜಿನವರು ಒಮ್ಮೆಯೂ ಬಂದು ನೋಡಿರುವುದಿಲ್ಲ.

ಹಾಗಂತ ಎಲ್ಲ ಹೋಟೆಲುಗಳೂ ಹೀಗೆಯೇ ಎಂದು ನಾವು ಹೇಳುತ್ತಿಲ್ಲ. ತರಬೇತಿ ವ್ಯವಸ್ಥಾಪಕರನ್ನು ನೇಮಿಸಿ, ವಾರಕ್ಕೊಮ್ಮೆ ಪಾಠ ನಡೆಸಿ, ಮಕ್ಕಳನ್ನು ಎಲ್ಲ ವಿಭಾಗಗಳಿಗೂ ಸುತ್ತಿಸಿ ಕಳುಹಿಸುವ ಹೋಟೆಲುಗಳೂ ಇವೆ. ಸೆಕೆ, ಗದ್ದಲ, ಬೈಗುಳ, ನಿಂತೇ ಇರಬೇಕಾದ ಗಂಟೆಗಳು ಈ ವೃತ್ತಿಯ ಭಾಗ ಎಂಬುದೂ ನಿಜ. ಈರುಳ್ಳಿ ಸುಲಿಯದೆ ಯಾರೂ ಮುಖ್ಯ ಬಾಣಸಿಗನಾಗಿಲ್ಲ. ಆದರೆ ಕಲಿಕೆಯ ಶ್ರಮಕ್ಕೂ ಬಿಟ್ಟಿ ದುಡಿಮೆಗೂ ವ್ಯತ್ಯಾಸವಿದೆ. ಒಂದು ಹೋಟೆಲು ಪ್ರತಿ ಆರು ತಿಂಗಳಿಗೊಮ್ಮೆ ಮೂವತ್ತು ವಿದ್ಯಾರ್ಥಿಗಳನ್ನು ತರಿಸಿಕೊಂಡು, ಅವರು ಹೋದ ಕೂಡಲೇ ಮತ್ತೆ ಮೂವತ್ತು ಮಂದಿಯನ್ನು ತರಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಗ ಆ ಮೂವತ್ತು ಸ್ಥಾನಗಳಿಗೆ ಸಂಬಳದ ನೌಕರರನ್ನು ಅದು ಯಾಕೆ ನೇಮಿಸುತ್ತದೆ? ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಬರುವ ವಿದ್ಯಾರ್ಥಿಗೆ ಅಲ್ಲಿ ಎದುರಾಗುವ ಪ್ರತಿಸ್ಪರ್ಧಿ ಯಾರೆಂದರೆ, ತನ್ನದೇ ಕಾಲೇಜಿನಿಂದ ತರಬೇತಿಗೆ ಬಂದಿರುವ ಕಿರಿಯ ವಿದ್ಯಾರ್ಥಿ. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ತಂದೆ-ತಾಯಿಗೆ ಈ ಲೆಕ್ಕ ತಿಳಿದಿರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1961ರ ಅಪ್ರೆಂಟಿಸ್ ಕಾಯ್ದೆ ಹೋಟೆಲುಗಳಿಗೂ ಅನ್ವಯಿಸುತ್ತದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿದ್ದರೆ ಬಯಸಿ ತೆಗೆದುಕೊಳ್ಳಬಹುದು. ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಯಷ್ಟು ಕನಿಷ್ಠ ಸ್ಟೈಪೆಂಡನ್ನು ಆ ನಿಯಮಗಳು ಗೊತ್ತುಪಡಿಸಿದವು. ಲಿಖಿತ ಒಪ್ಪಂದ ಕಡ್ಡಾಯ. ಗಾಯವಾದರೆ ಪರಿಹಾರಕ್ಕೆ ಹಕ್ಕಿದೆ. ಆದರೆ ಕಾಲೇಜಿನಿಂದ ಒಂದು ಪರಿಚಯ ಪತ್ರ ಹಿಡಿದು ಹೋಗುವ ವಿದ್ಯಾರ್ಥಿ ಸಾಮಾನ್ಯವಾಗಿ ಈ ಕಾಯ್ದೆಯ ಅಡಿಯಲ್ಲಿ ನೋಂದಣಿಯಾಗಿರುವುದಿಲ್ಲ. ಆತ ನೌಕರನೂ ಅಲ್ಲ, ಅಪ್ರೆಂಟಿಸೂ ಅಲ್ಲ. ಆದ್ದರಿಂದ ಸ್ಟೈಪೆಂಡ್ ಎಂಬುದು ಹೋಟೆಲಿನ ಮರ್ಜಿಗೆ ಬಿಟ್ಟ ವಿಷಯ. ಕೆಲವರು ಬಸ್ ಪಾಸಿಗೆ ಸಾಲುವಷ್ಟು ಕೊಡುತ್ತಾರೆ, ಕೆಲವರು ಎರಡು ಹೊತ್ತಿನ ಊಟವನ್ನಷ್ಟೇ ಕೊಡುತ್ತಾರೆ. ಸರಕಾರ ಕೌಶಲಾಭಿವೃದ್ಧಿಯ ಬಗ್ಗೆ ಇಷ್ಟೊಂದು ಮಾತಾಡುತ್ತಿರುವ ಕಾಲದಲ್ಲಿ, ಪಠ್ಯಕ್ರಮದ ಭಾಗವಾಗಿಯೇ ದುಡಿಯುವ ಮಕ್ಕಳನ್ನು ಈ ತ್ರಿಶಂಕು ಸ್ಥಿತಿಯಲ್ಲಿ ಇಟ್ಟಿರುವುದಕ್ಕೆ ಯಾವ ಸಮರ್ಥನೆಯಿದೆ? ಇದು ಮುಸ್ಲಿಮ್ ಮಕ್ಕಳ ಸಮಸ್ಯೆಯಷ್ಟೇ ಅಲ್ಲ. ಎಲ್ಲ ಸಮುದಾಯಗಳ ಬಡ ಮತ್ತು ಮಧ್ಯಮ ವರ್ಗದ ಮಕ್ಕಳ ಸಮಸ್ಯೆ.

ಕಾರ್ಮಿಕನ ಬೆವರು ಆರುವ ಮುನ್ನ ಆತನ ಕೂಲಿಯನ್ನು ಕೊಡಬೇಕೆಂದು ಪ್ರವಾದಿ(ಸ) ಆದೇಶಿಸಿದ್ದಾರೆ. ಖುತ್ಬಾಗಳಲ್ಲಿ ಇದನ್ನು ಕೇಳಿ ತಲೆದೂಗುವ ನಾವು ನಮ್ಮದೇ ಹೋಟೆಲುಗಳತ್ತ ತಿರುಗಿ ನೋಡಬೇಕಾಗಿದೆ. ಶಿವಾಜಿನಗರದಿಂದ ಇಂದಿರಾನಗರ, ಕೆ.ಆರ್. ಪುರದವರೆಗೆ ಮುಸ್ಲಿಮರ ಒಡೆತನದ ಹೋಟೆಲು, ಬಿರಿಯಾನಿ ಅಂಗಡಿ, ಬೇಕರಿ, ಕೇಟರಿಂಗ್ ಘಟಕಗಳಿಗೆ ಕೊರತೆಯಿಲ್ಲ. ಇಲ್ಲಿ ದುಡಿಯಲು ಬಿಹಾರದಿಂದ, ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಹುಡುಗರು ಬರುತ್ತಾರೆ. ಅವರಲ್ಲಿ ಎಷ್ಟು ಮಂದಿಗೆ ನೇಮಕಾತಿ ಪತ್ರವಿದೆ? ಎಷ್ಟು ಮಂದಿಗೆ ವಾರದ ರಜೆಯಿದೆ? ಬಾವರ್ಚಿಯ ಕೈಕೆಳಗೆ ಹತ್ತು ವರ್ಷ ದೇಗ್ ತೊಳೆದವನಿಗೆ ಕೊನೆಗೆ ಸಿಗುವುದು ಕೈಗುಣವೇ ಹೊರತು ಪ್ರಮಾಣ ಪತ್ರವಲ್ಲ. ಆತ ಇನ್ನೊಂದು ಊರಿಗೆ ಹೋದರೆ ಮತ್ತೆ ಮೊದಲಿನಿಂದಲೇ ಶುರು. ಮಾಂಸ ಹಲಾಲ್ ಎಂದು ಬೋರ್ಡಿನಲ್ಲಿ ಬರೆಯುವುದು ಸುಲಭ. ಆ ಮಾಂಸ ಬೇಯಿಸಿದವನ ಕೂಲಿಯೂ ಹಲಾಲ್ ಆಗಿದೆಯೇ ಎಂದು ಎಷ್ಟು ಮಾಲಕರು ಕೇಳಿಕೊಳ್ಳುತ್ತಾರೆ? ಪಂಚತಾರಾ ಹೋಟೆಲುಗಳನ್ನು ದೂರುವುದಕ್ಕಿಂತ ಮೊದಲು ನಾವು ಈ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಬೇಕು.

ಇನ್ನು, ನಮ್ಮ ಹೆತ್ತವರನ್ನು ನಿಜವಾಗಿ ಕಾಡುವ ಪ್ರಶ್ನೆಗೆ ಬರೋಣ. ದೊಡ್ಡ ಹೋಟೆಲು ಎಂದರೆ ಮದ್ಯ, ಹಂದಿಮಾಂಸ. ಅಲ್ಲಿಗೆ ಮಕ್ಕಳನ್ನು ಕಳುಹಿಸುವುದು ಸರಿಯೇ? ಈ ಪ್ರಶ್ನೆಗೆ ಎರಡು ಬಗೆಯ ಸಿದ್ಧ ಉತ್ತರಗಳಿವೆ. ಒಂದು, ಇಡೀ ಕ್ಷೇತ್ರವೇ ಹರಾಮ್, ಆ ಕಡೆ ತಲೆಯಿಟ್ಟೂ ಮಲಗಬಾರದು ಎಂಬುದು. ಇನ್ನೊಂದು, ಹೊಟ್ಟೆಪಾಡಿನ ವಿಷಯದಲ್ಲಿ ಇದನ್ನೆಲ್ಲ ನೋಡಬಾರದು ಎಂಬುದು. ಎರಡೂ ಆಲಸ್ಯದ ಉತ್ತರಗಳೆಂದು ನಮಗನಿಸುತ್ತದೆ. ಮದ್ಯ ಕುಡಿಯುವವನನ್ನು ಮಾತ್ರವಲ್ಲ, ಅದನ್ನು ಹೊತ್ತು ತರುವವನನ್ನೂ ಸುರಿದುಕೊಡುವವನನ್ನೂ ಪ್ರವಾದಿ(ಸ) ಎಚ್ಚರಿಸಿರುವಾಗ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಾಗೆಯೇ, ಮನೆಗೆ ಬಂದ ಅಪರಿಚಿತರ ಮುಂದೆ ಹೆಸರು ಕೇಳುವುದಕ್ಕಿಂತ ಮೊದಲೇ ಊಟ ತಂದಿಟ್ಟ ಪ್ರವಾದಿ ಇಬ್ರಾಹೀಮ್(ಅ)ರ ಪರಂಪರೆಯವರು ಆತಿಥ್ಯವನ್ನೇ ಹರಾಮ್ ಎನ್ನುವಂತೆಯೂ ಇಲ್ಲ. ಒಂದು ಹೋಟೆಲಿನಲ್ಲಿ ಬಾರ್ ಎಂಬುದು ಹತ್ತಾರು ವಿಭಾಗಗಳ ಪೈಕಿ ಒಂದು. ಬೇಕರಿ, ಭಾರತೀಯ ಅಡುಗೆ, ಸ್ವಾಗತ ಕಚೇರಿ, ಕೊಠಡಿ ನಿರ್ವಹಣೆ, ಲೆಕ್ಕಪತ್ರ, ಖರೀದಿ, ಮಾರಾಟ, ಲಾಂಡ್ರಿ ಇವೆಲ್ಲ ಇಲ್ಲವೇ?

ಅಷ್ಟಕ್ಕೂ, ಆತ್ಮಸಾಕ್ಷಿಯ ಕಾರಣಕ್ಕೆ ವಿನಾಯಿತಿ ಕೇಳುವುದು ಈ ಕ್ಷೇತ್ರದಲ್ಲಿ ಕೇಳಿ ಕಂಡರಿಯದ ಸಂಗತಿಯೇನಲ್ಲ. ಸಸ್ಯಾಹಾರಿ ವಿದ್ಯಾರ್ಥಿಗಳು ಮಾಂಸ ಮುಟ್ಟದೆಯೇ ಅಡುಗೆಯ ಶಿಕ್ಷಣ ಮುಗಿಸುವ ಆಯ್ಕೆಯನ್ನು ಅಹಮದಾಬಾದ್, ಭೋಪಾಲ್, ಜೈಪುರಗಳ ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳು 2010ರ ದಶಕದಲ್ಲಿಯೇ ಕೊಟ್ಟವು. ಅದು ಸರಿಯಾದ ನಿರ್ಧಾರ. ಒಬ್ಬ ಜೈನ ವಿದ್ಯಾರ್ಥಿಗೆ ಮೀನು ಕತ್ತರಿಸುವುದರಿಂದ ವಿನಾಯಿತಿ ಕೊಟ್ಟಾಗ ಶಿಕ್ಷಣದ ಗುಣಮಟ್ಟ ಕುಸಿಯುವುದಿಲ್ಲ ಎಂದಾದರೆ, ಒಬ್ಬ ಮುಸ್ಲಿಮ್ ವಿದ್ಯಾರ್ಥಿಗೆ ಮದ್ಯ ಸುರಿಯುವುದರಿಂದ, ಹಂದಿಮಾಂಸ ಕತ್ತರಿಸುವುದರಿಂದ ವಿನಾಯಿತಿ ಕೊಟ್ಟಾಗಲೂ ಕುಸಿಯಬಾರದು. ಮಗ ಬಾರಿನಲ್ಲಿ ನಿಲ್ಲುವುದನ್ನು ಬಯಸದ ಹಿಂದೂ, ಕ್ರೈಸ್ತ ತಾಯಂದಿರೂ ಸಾಕಷ್ಟಿದ್ದಾರೆ. ಹಾಗಿದ್ದೂ, ನಮ್ಮ ಮಕ್ಕಳು ಈ ಮಾತನ್ನು ಕೇಳುವುದೇ ಇಲ್ಲ. ಕೇಳಿದರೆ ಸೀಟು ಹೋಗುತ್ತದೆ, ಅಂಕ ಹೋಗುತ್ತದೆ, ಮೂಲಭೂತವಾದಿ ಎಂಬ ಹಣೆಪಟ್ಟಿ ಬೀಳುತ್ತದೆ ಎಂಬ ಭಯ. ಆ ಭಯ ನಿರಾಧಾರವೂ ಅಲ್ಲ. ಆದ್ದರಿಂದಲೇ ಹತ್ತೊಂಬತ್ತರ ಹುಡುಗನೊಬ್ಬ ಒಂಟಿಯಾಗಿ ಮುಖ್ಯ ಬಾಣಸಿಗನ ಮುಂದೆ ನಿಂತು ಕೇಳಬೇಕಾದ ಮಾತು ಇದಲ್ಲ. ತರಬೇತಿಗೆ ಮೊದಲೇ ಕಾಲೇಜಿನ ಮೂಲಕ, ಲಿಖಿತವಾಗಿ, ವಿನಯದಿಂದ ಹೋಗಬೇಕಾದ ಕೋರಿಕೆ ಇದು. ಮದ್ಯದ ಬಗೆಗಳನ್ನು ಪಠ್ಯವಾಗಿ ಓದಿ ಪರೀಕ್ಷೆ ಬರೆಯುವುದು ಬೇರೆ, ಬಡಿಸುವುದು ಬೇರೆ ಎಂಬ ವ್ಯತ್ಯಾಸವನ್ನು ಉಲಮಾಗಳೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಜುಮಾ ನಮಾಝಿಗೆ ಒಂದು ಗಂಟೆಯ ಬಿಡುವನ್ನು, ರಮಝಾನಿನಲ್ಲಿ ಇಫ್ತಾರ್‌ನ ಹದಿನೈದು ನಿಮಿಷವನ್ನು ಬದಲಿ ಗಂಟೆಗಳ ಲೆಕ್ಕದಲ್ಲಿ ಕೇಳಿದರೆ ಕೊಡುವ ಮೇಲ್ವಿಚಾರಕರು ಬಹಳ ಮಂದಿ ಇದ್ದಾರೆ. ನಾವು ಕೇಳಬೇಕಷ್ಟೇ.

ಹೆಣ್ಣು ಮಕ್ಕಳ ವಿಷಯ ಇನ್ನಷ್ಟು ಸೂಕ್ಷ್ಮವಾದುದು. 2022ರ ಶಿರವಸ್ತ್ರ ವಿವಾದದ ನಂತರ ಎಷ್ಟೋ ಹೆಣ್ಣು ಮಕ್ಕಳ ಕಲಿಕೆಯ ದಾರಿ ಬದಲಾಯಿತು. ಅಂಥದ್ದರಲ್ಲಿ ಹೋಟೆಲಿನ ಕೆಲಸ ಎಂದರೆ ಮನೆಯಲ್ಲಿ ಮಾತೇ ಮುಗಿಯಿತು. ಆದರೆ ಹೋಟೆಲಿನ ಅಡುಗೆಮನೆಯಲ್ಲಿ ಗಂಡಸರೂ ತಲೆ ಮುಚ್ಚಿಯೇ ಕೆಲಸ ಮಾಡಬೇಕೆಂಬುದನ್ನು, ಅಲ್ಲಿ ಕೂದಲು ಮುಚ್ಚುವುದು ಶುಚಿತ್ವದ ನಿಯಮವೇ ಆಗಿರುವುದನ್ನು ಎಷ್ಟು ಹೆತ್ತವರು ಬಲ್ಲರು? ನಿಜವಾದ ತೊಡಕು ಇರುವುದು ಉಡುಪಿನಲ್ಲಲ್ಲ, ರಾತ್ರಿಯ ಪಾಳಿಯಲ್ಲಿ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮೆಟ್ರೊ ಮಾರ್ಗ ಪೂರ್ಣಗೊಂಡು ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳಿಂದ ವೈಟ್‌ಫೀಲ್ಡಿನ ಹೋಟೆಲುಗಳಿಗೆ ಹೋಗುವುದು ಸಲೀಸಾಯಿತು. ಆದರೆ ಔತಣ ಮುಗಿದು, ಪಾತ್ರೆ ಎಣಿಸಿ, ಬಟ್ಟೆ ಬದಲಾಯಿಸಿ ಹೊರಬರುವಾಗ ಹನ್ನೊಂದೂವರೆಯಾದರೆ ಆ ಮೆಟ್ರೊದಿಂದ ಪ್ರಯೋಜನವೇನು? ರಾತ್ರಿ ಪಾಳಿಯಲ್ಲಿ ದುಡಿಯುವ ಮಹಿಳೆಗೆ ಆಕೆಯ ಲಿಖಿತ ಸಮ್ಮತಿ ಮತ್ತು ಮನೆಯವರೆಗಿನ ವಾಹನ ಇರಬೇಕೆಂದು ಸರಕಾರ ಷರತ್ತು ಹಾಕುತ್ತದೆ. ತರಬೇತಿಯ ವಿದ್ಯಾರ್ಥಿನಿಗೆ ಇದು ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಇದರ ಜೊತೆಗೆ ಪ್ರತಿಯೊಂದು ಮನೆಗೂ ತಿಳಿದಿರಬೇಕಾದ ಕಾನೂನೊಂದಿದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ನೌಕರರು ಎಂಬ ಪದದ ವ್ಯಾಪ್ತಿಗೆ ತರಬೇತಿ ಪಡೆಯುವವರು ಮತ್ತು ಅಪ್ರೆಂಟಿಸ್‌ಗಳನ್ನೂ ಸ್ಪಷ್ಟವಾಗಿ ಸೇರಿಸಲಾಗಿದೆ, ಸಂಬಳವಿರಲಿ, ಇಲ್ಲದಿರಲಿ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬಹುದು. ಸಂಸ್ಥೆ ಚಿಕ್ಕದಾಗಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಆದರೆ ನಮ್ಮ ಮನೆಗಳಲ್ಲಿ ಮಗಳು ಇಂಥ ದೂರು ಹೇಳಿಕೊಂಡರೆ ಮೊದಲು ನಿಲ್ಲುವುದು ಆಕೆಯ ಓದು. ತಪ್ಪು ಮಾಡಿದವನು ಕೆಲಸದಲ್ಲಿ ಮುಂದುವರಿಯುತ್ತಾನೆ, ತಪ್ಪು ಮಾಡದವಳು ಮನೆ ಸೇರುತ್ತಾಳೆ. ಇದನ್ನು ಮರ್ಯಾದೆಯ ರಕ್ಷಣೆ ಎಂದು ಕರೆಯಲು ನಾವು ಸಿದ್ಧರಿಲ್ಲ. ಹೀಗಾಗುತ್ತದೆಂದು ಗೊತ್ತಿರುವುದರಿಂದಲೇ ಹೆಣ್ಣು ಮಕ್ಕಳು ಬಾಯಿಬಿಡುವುದಿಲ್ಲ.

ವಿದೇಶದಲ್ಲಿ ತರಬೇತಿ ಎಂಬ ಇನ್ನೊಂದು ಆಮಿಷದ ಬಗ್ಗೆಯೂ ಎಚ್ಚರಿಸದೆ ಇರಲಾಗದು. ಮಲೇಷ್ಯಾ, ಮಾರಿಷಸ್, ದುಬೈಗಳ ಹೋಟೆಲುಗಳಲ್ಲಿ ಇಂಟರ್ನ್‌ಶಿಪ್, ಕೈತುಂಬ ಸ್ಟೈಪೆಂಡ್ ಎಂಬ ಕರಪತ್ರಗಳು ಕಾಲೇಜಿನ ಗೇಟಿನಲ್ಲೂ ಮೊಬೈಲಿನಲ್ಲೂ ಹಂಚಿಕೆಯಾಗುತ್ತವೆ. ಇವುಗಳಲ್ಲಿ ನಿಜವಾದವೂ ಇವೆ. ಅಂಥವರ ಬಳಿ ಹೋಟೆಲಿನ ಲಿಖಿತ ಆಹ್ವಾನ, ತರಬೇತಿಗೆ ಅನುಮತಿಸುವ ವೀಸಾ, ಕಾಲೇಜಿನೊಂದಿಗಿನ ಒಪ್ಪಂದ ಮೂರೂ ಇರುತ್ತವೆ. ಪ್ರವಾಸಿ ವೀಸಾದಲ್ಲಿ ಕಳುಹಿಸಿ ಅಲ್ಲಿ ಬದಲಾಯಿಸಿಕೊಡುತ್ತೇವೆ ಎನ್ನುವವರ ಬಳಿ ಮಾತು ಮಾತ್ರ ಇರುತ್ತದೆ. ವಿದೇಶಿ ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವರು ಸೇವಾ ಶುಲ್ಕವಾಗಿ ತೆರಿಗೆ ಬಿಟ್ಟು 30,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬ ನಿಯಮವಿದೆ. ಎರಡು ಮೂರು ಲಕ್ಷ ಕೇಳುವವನ ಮುಂದೆ ಈ ಒಂದು ಅಂಕಿಯನ್ನು ಹೇಳಿದರೆ ಸಾಕು, ಆತನ ಮುಖಭಾವದಲ್ಲೇ ಉತ್ತರ ಸಿಗುತ್ತದೆ. ಥಾಯ್ಲೆಂಡಿನಲ್ಲಿ ಉದ್ಯೋಗವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿನ ವಂಚನಾ ಕೇಂದ್ರಗಳಿಗೆ ಸಾಗಿಸುತ್ತಿದ್ದಾರೆಂದು 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ನೀಡಬೇಕಾಯಿತು.

ಇಲ್ಲಿ ಶಿವಾಜಿನಗರದ ಮಂದಿಗೆ ನೆನಪಿಸಬೇಕಾದ ಇನ್ನೊಂದು ಮಾತಿದೆ. 2019ರ ಜೂನ್‌ನಲ್ಲಿ ಐಎಂಎ ಕುಸಿದುಬಿದ್ದಾಗ ಸಾವಿರಾರು ಕುಟುಂಬಗಳು ಮಕ್ಕಳ ಓದು-ಮದುವೆಗೆಂದು ಕೂಡಿಟ್ಟ ಹಣವನ್ನು ಕಳೆದುಕೊಂಡವು. ಅವರಲ್ಲಿ ಬಹಳ ಮಂದಿ ದಾಖಲೆ ನೋಡಿರಲಿಲ್ಲ, ನಮ್ಮವರೇ ಎಂಬ ಭರವಸೆಯನ್ನು ನೋಡಿದ್ದರು. ತರಬೇತಿಯ ಹೆಸರಲ್ಲಿ ಬರುವ ಏಜೆಂಟನೂ ಸಲಾಮ್ ಹೇಳಿಯೇ ಮನೆಯೊಳಗೆ ಬರುತ್ತಾನೆ.

ಹಾಗಾದರೆ ಮಾಡಬಹುದಾದುದೇನು? ಎಲ್ಲಕ್ಕಿಂತ ಮೊದಲು, ಈ ಕ್ಷೇತ್ರದಲ್ಲಿ ನಮ್ಮದೇ ಆದ ಬಾಗಿಲುಗಳಿವೆ ಎಂಬುದನ್ನು ಗುರುತಿಸಬೇಕು. ಶಿವಾಜಿನಗರದ ಸುತ್ತಮುತ್ತ ಹಜ್-ಉಮ್ರಾ ಯಾತ್ರೆಗಳನ್ನು ಏರ್ಪಡಿಸುವ ಟ್ರಾವೆಲ್ ಸಂಸ್ಥೆಗಳು ಅದೆಷ್ಟಿವೆ! ವಿಮಾನ ಟಿಕೆಟು, ವೀಸಾ, ಮಕ್ಕಾ-ಮದೀನಾದಲ್ಲಿ ವಸತಿ, ಬಸ್ಸು, ಊಟ, ವೃದ್ಧರ ಆರೈಕೆ ಹೀಗೆ ಪ್ರವಾಸೋದ್ಯಮದ ವಿದ್ಯಾರ್ಥಿಯೊಬ್ಬ ಕಲಿಯಬೇಕಾದುದೆಲ್ಲವೂ ಅಲ್ಲಿದೆ. ಹೆಗ್ಡೆ ನಗರದ ಹಜ್ ಭವನದಲ್ಲಿ ಹಜ್‌ನ ದಿನಗಳಲ್ಲಿ ಯಾತ್ರಿಕರ ವಸತಿ, ಊಟ, ಲಗೇಜು, ನೋಂದಣಿಗಳ ದೊಡ್ಡ ಶಿಬಿರವೇ ನಡೆಯುತ್ತದೆ. ಸ್ವಯಂಸೇವಕರಾಗಿ ಅಲ್ಲಿ ದುಡಿಯುವ ನಮ್ಮ ವಿದ್ಯಾರ್ಥಿಗಳ ಆ ದಿನಗಳನ್ನು ಲಾಗ್‌ಬುಕ್ ಸಹಿತವಾದ ಅಧಿಕೃತ ತರಬೇತಿಯಾಗಿ ಪರಿಗಣಿಸುವಂತೆ ಹಜ್ ಸಮಿತಿಯೂ ಕಾಲೇಜುಗಳೂ ಕೂತು ಮಾತಾಡಬಾರದೇಕೆ? ಒಮಾನ್, ಇರಾಕ್, ಯೆಮೆನ್‌ಗಳಿಂದ ಚಿಕಿತ್ಸೆಗೆಂದು ಬೆಂಗಳೂರಿಗೆ ಬರುವ ರೋಗಿಗಳಿಗೆ ಅರಬಿ ಬಲ್ಲ ಸಹಾಯಕರು ಬೇಕು. ಮದ್ರಸಾಗಳಲ್ಲಿ ಎಂಟು ವರ್ಷ ಅರಬಿ ಕಲಿತ ಯುವಕರಿಗೆ ಆಸ್ಪತ್ರೆಯ ಅತಿಥಿ ಸೇವಾ ವಿಭಾಗದಲ್ಲಿ ಆರು ತಿಂಗಳ ತರಬೇತಿ ಸಿಕ್ಕರೆ ಇಮಾಮತ್ತಿನ ಆಚೆಗೂ ಅವರಿಗೊಂದು ಗೌರವದ ದುಡಿಮೆ ತೆರೆದುಕೊಳ್ಳುತ್ತದೆ. ಎಂಟನೇ ತರಗತಿಗೇ ಓದು ಬಿಟ್ಟವರಿಗೆಂದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ಹುನರ್ ಸೆ ರೋಜ್‌ಗಾರ್ ತಕ್ ಎಂಬ ಉಚಿತ ಅಲ್ಪಾವಧಿ ತರಬೇತಿಯನ್ನು ಆರಂಭಿಸಿತು. ಅದರ ಹೆಸರಾದರೂ ಉರ್ದುವಿನಲ್ಲಿತ್ತು. ನಮ್ಮ ಎಷ್ಟು ಮಸೀದಿಗಳ ಸೂಚನಾ ಫಲಕದಲ್ಲಿ ಅದು ಕಾಣಿಸಿಕೊಂಡಿತು?

ನಮ್ಮ ಹೋಟೆಲ್ ಮಾಲಕರು ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿಸಿಕೊಂಡು ವರ್ಷಕ್ಕೆ ನಾಲ್ಕೈದು ಮಂದಿಯನ್ನಾದರೂ ಲಿಖಿತ ಒಪ್ಪಂದದ ಮೇಲೆ ತೆಗೆದುಕೊಳ್ಳಲಿ. 2016ರಲ್ಲಿ ಆರಂಭವಾದ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ಅಂದರೆ ತಿಂಗಳಿಗೆ ಗರಿಷ್ಠ 1,500 ರೂಪಾಯಿಯನ್ನು ಕೇಂದ್ರ ಸರಕಾರವೇ ಭರಿಸುವ ಏರ್ಪಾಡಿದೆ. ಆದ್ದರಿಂದ ಖರ್ಚಿನ ನೆಪ ಹೇಳುವಂತಿಲ್ಲ. ಹಲಾಲ್ ಅಡುಗೆಮನೆಯಲ್ಲಿಯೇ ಕಲಿಯಬಯಸುವ ವಿದ್ಯಾರ್ಥಿಗೆ ಜಾಗ ಕೊಡುವವರು ನಾವಲ್ಲದೆ ಇನ್ಯಾರು? ನಗರ ಪ್ರದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ನಿಯತ ಸಂಬಳದ ಕೆಲಸವಿರುವವರು ಕಾಲು ಭಾಗಕ್ಕಿಂತ ತುಸು ಹೆಚ್ಚು, ಮೇಲ್ಜಾತಿ ಹಿಂದೂಗಳಲ್ಲಿ ಅದು ಅರ್ಧದಷ್ಟು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಆ ವರದಿಯನ್ನು ಸಭೆಗಳಲ್ಲಿ ಓದಿ ಹೇಳಿದಷ್ಟು ಸಲ ನಾವು ಒಂದು ನೇಮಕಾತಿ ಪತ್ರವನ್ನು ಬರೆದುಕೊಟ್ಟಿಲ್ಲ.

ಉಳಿದದ್ದು ಜಮಾಅತ್‌ಗಳಿಗೆ ಸೇರಿದ ಕೆಲಸ. ಶಿವಾಜಿನಗರ, ಹಲಸೂರು, ಕೆ.ಆರ್. ಪುರ ಭಾಗದ ಮಸೀದಿ ಸಮಿತಿಗಳು ಒಟ್ಟಾಗಿ ಒಬ್ಬ ವಕೀಲರು, ಹೋಟೆಲ್ ಕ್ಷೇತ್ರದಲ್ಲಿ ಪಳಗಿದ ಒಬ್ಬರು, ವಿದ್ಯಾವಂತ ತಾಯಂದಿರಿಬ್ಬರು ಇರುವ ಸಣ್ಣ ತಂಡವೊಂದನ್ನು ಮಾಡಿಕೊಳ್ಳಲಿ. ತರಬೇತಿಗೆ ಹೋಗುವ ಮಗು ಯಾವ ಧರ್ಮದ್ದೆಂದು ನೋಡದೆ ಅದರ ಪತ್ರವನ್ನು ಈ ತಂಡ ಓದಿ ಹೇಳಲಿ. ಎಷ್ಟು ಗಂಟೆಯ ಪಾಳಿ, ಯಾವ ಯಾವ ವಿಭಾಗ, ಸ್ಟೈಪೆಂಡ್ ಎಷ್ಟು, ರಾತ್ರಿ ವಾಹನ ಉಂಟೇ, ಗಾಯವಾದರೆ ಖರ್ಚು ಯಾರದು, ದೂರು ಕೊಡಬೇಕಾದುದು ಯಾರಿಗೆ ಎಂಬುದು ಆ ಪತ್ರದಲ್ಲಿ ಇಲ್ಲದಿದ್ದರೆ ಕಾಲೇಜಿನ ಪ್ರಾಂಶುಪಾಲರನ್ನು ಕಂಡು ಸೇರಿಸುವಂತೆ ಕೇಳಲಿ. ಸಾಮಾನ್ಯವಾಗಿ ಈ ಪತ್ರಗಳು ಮನೆಗೆ ಬರುವುದು ತರಬೇತಿ ಶುರುವಾಗುವ ಹಿಂದಿನ ವಾರ, ಸಹಿಗಾಗಿ. ತಂಡ ಅದಕ್ಕಿಂತ ಎರಡು ತಿಂಗಳು ಮೊದಲೇ ಕಾಲೇಜುಗಳ ಬಾಗಿಲು ತಟ್ಟಬೇಕಾಗುತ್ತದೆ.